ನಾನೇನೂ ಒತ್ತಿಲ್ಲ ಕಣೋ

ಬೆಳಗ್ಗೆ ಆರೂವರೆಗೆ ಫೋನ್ ಬಂದರೆ ಎರಡೇ ಕಾರಣ. ಯಾರೋ ಹೋಗಿಬಿಟ್ಟಿದ್ದಾರೆ, ಇಲ್ಲ ಯಾರದೋ ಕಂಪ್ಯೂಟರ್ ಹೋಗಿದೆ. ಆ ಕಡೆಯವರು ಮೊದಲು ಗಂಟಲು ಸರಿ ಮಾಡಿಕೊಂಡರೆ ಸಾವು. "ನಾನೇನೂ ಒತ್ತಿಲ್ಲ ಕಣೋ" ಅಂದರೆ ಕಂಪ್ಯೂಟರ್.

ನಾನು ಕಂಪ್ಯೂಟರ್ ಓದಿದವನಲ್ಲ. ಬಿ.ಕಾಂ. ಮಾಡಿ ತುಮಕೂರಿನ ಒಂದು ಆಫೀಸಿನಲ್ಲಿ ಲೆಕ್ಕ ಬರೆದುಕೊಂಡಿದ್ದೇನೆ. ಹದಿನೈದು ವರ್ಷದ ಹಿಂದೆ ಯುಗಾದಿಗೆ ಮಾವನ ಮನೆಗೆ ಹೋಗಿದ್ದೆ. ಕಂಪ್ಯೂಟರ್ ಆನ್ ಆಗುತ್ತಿಲ್ಲ ಅಂತ ಮನೆಮಂದಿಯೆಲ್ಲ ಅದರ ಸುತ್ತ ನಿಂತಿದ್ದರು. ಭಾವಮೈದ ರಿಪೇರಿಯವನಿಗೆ ಫೋನ್ ಮಾಡುತ್ತಿದ್ದ. ನಾನು ಮೇಜಿನ ಕೆಳಗೆ ಬಗ್ಗಿ ಯುಪಿಎಸ್ ಸ್ವಿಚ್ ಹಾಕಿದೆ. ಅಷ್ಟೇ. ಎಲೆಗೆ ಎರಡು ಹೋಳಿಗೆ ಜಾಸ್ತಿ ಬಿತ್ತು. ಹೋಳಿಗೆ ಅವತ್ತೇ ಕರಗಿತು. "ಅಳಿಯಂದಿರಿಗೆ ಕಂಪ್ಯೂಟರ್ ಗೊತ್ತು" ಅನ್ನೋ ಹೆಸರು ಮಾತ್ರ ಕರಗಲಿಲ್ಲ.

ನನ್ನ ವಿದ್ಯೆಯಲ್ಲಿ ಮುಕ್ಕಾಲು ಪಾಲು ಒಂದೇ ಮಾತು: "ರೀಸ್ಟಾರ್ಟ್ ಮಾಡಿ." ಇದಕ್ಕೆ ಎಲ್ಲರೂ ಕೊಡುವ ಉತ್ತರವೂ ಒಂದೇ: "ಆಗ್ಲೇ ನಾಲ್ಕು ಸಲ ಆಫ್ ಮಾಡಿ ಆನ್ ಮಾಡಿದೆ." ಇಲ್ಲೊಂದು ಕಿತಾಪತಿ ಇದೆ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಶಟ್‌ಡೌನ್ ಕೊಟ್ಟರೆ ಕಂಪ್ಯೂಟರ್ ಪೂರ್ತಿ ಮಲಗುವುದಿಲ್ಲ. ಮರುದಿನ ಬೇಗ ಏಳಲಿ ಅಂತ ಒಳಗಿನ ಸ್ಥಿತಿಯನ್ನು ಒಂದಿಷ್ಟು ಡಿಸ್ಕಿಗೆ ಬರೆದಿಟ್ಟುಕೊಳ್ಳುತ್ತದೆ. ಅಂಗಡಿಯವರು ಊಟಕ್ಕೆ ಹೋಗುವಾಗ ಶಟರ್ ಎಳೆದು ಹೋಗ್ತಾರಲ್ಲ, ಹಾಗೆ. ಒಳಗೆ ಬಿಚ್ಚಿದ ಮೂಟೆ ಬಿಚ್ಚಿದಂತೆಯೇ ಇರುತ್ತದೆ, ತಕ್ಕಡಿಯಲ್ಲಿ ಹಾಕಿದ ಬೇಳೆ ತಕ್ಕಡಿಯಲ್ಲೇ. ರೀಸ್ಟಾರ್ಟ್ ಅಂತ ಕೊಟ್ಟರೆ ಮಾತ್ರ ಎಲ್ಲ ಗುಡಿಸಿ ಹೊಸದಾಗಿ ಬಾಗಿಲು ತೆಗೆಯುತ್ತದೆ. ಇದನ್ನು ನಾನು ಕನಿಷ್ಠ ಇಪ್ಪತ್ತು ಜನಕ್ಕೆ ವಿವರಿಸಿದ್ದೇನೆ. ಇಪ್ಪತ್ತೂ ಜನ ಹೂಂಗುಟ್ಟಿ, ಮತ್ತೆ ಆಫ್ ಮಾಡಿ ಆನ್ ಮಾಡಿದ್ದಾರೆ.

ನನ್ನ ಖಾಯಂ ಗಿರಾಕಿ ತಿಪಟೂರಿನ ಚಿಕ್ಕಪ್ಪ. ರಿಟೈರ್ಡ್ ಮೇಷ್ಟ್ರು. ಒಂದು ಜನವರಿಯಲ್ಲಿ ಫೋನ್ ಮಾಡಿದರು.

"ನಾನೇನೂ ಒತ್ತಿಲ್ಲ ಕಣೋ. ಸ್ಕ್ರೀನು ತಲೆಕೆಳಗಾಗಿದೆ."

"ತಲೆಕೆಳಗು ಅಂದ್ರೆ ಹೇಗೆ ಚಿಕ್ಕಪ್ಪ?"

"ಬಾವಲಿ ಥರ."

ಫೋನಿನಲ್ಲಿ ಬಗೆಹರಿಯುವ ಮಾತಲ್ಲ ಅನ್ನಿಸಿತು. ಭಾನುವಾರ ಹೋದೆ. ಮೇಷ್ಟ್ರು ಸುಮ್ನೆ ಕೂತಿರಲಿಲ್ಲ. ಮಾನಿಟರನ್ನೇ ಎತ್ತಿ ತಲೆಕೆಳಗು ಮಾಡಿ, ಆ ಕಡೆ ಎರಡು ಹಳೇ ಪಂಚಾಂಗದ ಕಟ್ಟು, ಈ ಕಡೆ ಒಂದು ಸುಲಿದ ತೆಂಗಿನಕಾಯಿ ಆನಿಸಿ ನಿಲ್ಲಿಸಿದ್ದರು. ಸ್ಟ್ಯಾಂಡು ಮೇಲೆ ಚಾಚಿಕೊಂಡು, ಅದರ ಮೇಲೆ ಚಿಕ್ಕಮ್ಮನ ಕನ್ನಡಕ ಕೂತಿತ್ತು. "ಈಗ ಸರಿ ಕಾಣುತ್ತೆ. ಆದ್ರೂ ನೀನೊಂದು ಸಲ ನೋಡು" ಅಂದರು.

ಕೀಬೋರ್ಡ್ ನೋಡಿದೆ. ಕೆಳಗಿನ ಸಾಲಿನಲ್ಲಿ, ಬಾಣದ ಗುರುತಿನ ಗುಂಡಿಗಳ ಸಂದಿಯಲ್ಲಿ, ಒಂದು ಅವರೆಕಾಯಿ ಸಿಪ್ಪೆ. ಸೊನೆ ಅವರೆಯ ಕಾಲ. ಚಿಕ್ಕಮ್ಮ ಕಾಯಿ ಬಿಡಿಸುತ್ತಾ ಮೊರವನ್ನು ಕೀಬೋರ್ಡಿನ ಮೇಲೆ ಇಟ್ಟಿದ್ದಾರೆ. ಮೊರದ ಅಂಚು ಬಲಗಡೆಯ ಆಲ್ಟ್, ಕಂಟ್ರೋಲ್, ಕೆಳಬಾಣ ಮೂರರ ಮೇಲೂ ಕೂತಿದೆ. ಮೂರೂ ಒಂದೇ ಸಾಲಿನಲ್ಲಿವೆ, ಅಲ್ವಾ? ಕೆಲವು ಹಳೇ ಕಂಪ್ಯೂಟರುಗಳಲ್ಲಿ ಆ ಮೂರನ್ನು ಒಟ್ಟಿಗೆ ಒತ್ತಿದರೆ ಸ್ಕ್ರೀನ್ ಮಗುಚುತ್ತದೆ. ಕೆಳಬಾಣದ ಬದಲು ಮೇಲ್ಬಾಣ ಒತ್ತಿದರೆ ಎದ್ದು ನಿಲ್ಲುತ್ತದೆ. ಒತ್ತಿದೆ, ನಿಂತಿತು. ಮಾನಿಟರ್ ಇನ್ನೂ ತಲೆಕೆಳಗೇ ಇದ್ದದ್ದರಿಂದ ಚಿಕ್ಕಪ್ಪ "ಅಯ್ಯೋ, ಮತ್ತೆ ಕೆಡಿಸಿದ್ಯಲ್ಲೋ!" ಅಂತ ಕೂಗಿಕೊಂಡರು. ಹೊಸ ಕಂಪ್ಯೂಟರುಗಳಲ್ಲಿ ಈ ಗುಂಡಿಗಳ ಆಟ ಸಾಮಾನ್ಯವಾಗಿ ನಡೆಯುವುದಿಲ್ಲ. ಡಿಸ್‌ಪ್ಲೇ ಸೆಟಿಂಗ್ಸಿಗೆ ಹೋಗಿ ಓರಿಯಂಟೇಶನ್ ಅಂತ ಇರುವ ಕಡೆ ಲ್ಯಾಂಡ್‌ಸ್ಕೇಪ್ ಆರಿಸಬೇಕು.

ಚಿಕ್ಕಪ್ಪ ಸುಳ್ಳು ಹೇಳಿರಲಿಲ್ಲ. ಅವರೇನೂ ಒತ್ತಿರಲಿಲ್ಲ. ಒತ್ತಿದ್ದು ಮೊರ.

ಬಂದವನು ಬಂದಿದ್ದೀಯ ಅಂತ ಕೊಬ್ಬರಿ ಲೆಕ್ಕವನ್ನೂ ತೋರಿಸಿದರು. ಎಕ್ಸೆಲ್‌ನಲ್ಲಿ ಒಂದೊಂದು ಮರಕ್ಕೆ ಒಂದೊಂದು ಸಾಲು. ಹತ್ತು ಹನ್ನೆರಡು ಕಾಯಿ ಬಂದಿವೆ ಅಂತ 10-12 ಎಂದು ಹೊಡೆದರೆ ಅದು ಡಿಸೆಂಬರ್ 10 ಆಗುತ್ತದೆ. "ಇದಕ್ಕೆ ನನ್ನ ತೋಟದ ಮೇಲೆ ಕಣ್ಣು ಕಣೋ. ಕಾಯಿನೆಲ್ಲ ತಾರೀಖು ಮಾಡುತ್ತೆ" ಅಂದರು. ನಾನು ಸಮಾಧಾನ ಹೇಳಿದೆ. ಚಿಕ್ಕಪ್ಪನ ಸಂಕಟವನ್ನು ದೊಡ್ಡ ದೊಡ್ಡ ವಿಜ್ಞಾನಿಗಳೂ ಪಟ್ಟಿದ್ದಾರೆ. ಮನುಷ್ಯರ ಕೆಲವು ಜೀನುಗಳಿಗೆ ಮಾರ್ಚ್ 1, ಸೆಪ್ಟ್ 1 ಅಂತೆಲ್ಲ ಚುಟುಕು ಹೆಸರಿದ್ದವು. ಎಕ್ಸೆಲ್ ಅವನ್ನೂ ತಾರೀಖು ಮಾಡುತ್ತಿತ್ತು. ಬೇಸತ್ತು 2020ರ ಹೊತ್ತಿಗೆ ಜೀನುಗಳ ಹೆಸರನ್ನೇ ಬದಲಾಯಿಸಿದರು. ಚಿಕ್ಕಪ್ಪನಿಗೆ ಅಷ್ಟು ಕಷ್ಟ ಬೇಡ. ಬರೆಯುವ ಮೊದಲು ಒಂದು ಒಂಟಿ ಉದ್ಧರಣ ಚಿಹ್ನೆ ಹಾಕಿದರೆ ಸಾಕು, ಬರೆದದ್ದು ಬರೆದಂತೆ ನಿಲ್ಲುತ್ತದೆ. ಮೇಷ್ಟ್ರಿಗೆ ವ್ಯಾಕರಣದ ಪರಿಹಾರ ಬಹಳ ಇಷ್ಟವಾಯಿತು. ಈಗ ಎಲ್ಲದಕ್ಕೂ ಹಾಕುತ್ತಾರೆ. ಅದರಿಂದ ಅಂಕಿಯೆಲ್ಲ ಬರೀ ಅಕ್ಷರವಾಗಿ, ಕೆಳಗಿನ ಮೊತ್ತ ಸೊನ್ನೆ ಬರುತ್ತಿದೆ. ಅದಕ್ಕಿನ್ನೊಂದು ಭಾನುವಾರ ಹೋಗಬೇಕು.

ನಮ್ಮತ್ತೆಯದು ಬೇರೆ ಕಥೆ. ದೇವಸ್ಥಾನದ ಸೇವೆ ಬುಕ್ ಮಾಡಲು ಕೂತರೆ ಯಾವ ಸೈಟೂ ತೆರೆಯುತ್ತಿಲ್ಲ. ಹೋಗಿ ನೋಡಿದರೆ ಹಾಡಹಗಲಲ್ಲಿ ರೂಮಿನ ಕಿಟಕಿ ಮುಚ್ಚಿ, ಪರದೆ ಎಳೆದು ಕೂತಿದ್ದಾರೆ.

"ಯಾಕತ್ತೆ ಕತ್ತಲು?"

"ನಿಮ್ಮ ಕನೆಕ್ಷನ್ ಪ್ರೈವೇಟ್ ಅಲ್ಲ ಅಂತ ಬರ್ತಿದೆ. ಎದುರುಮನೆಯವರು ನೋಡ್ತಿರ್ತಾರೆ. ಅದಕ್ಕೆ ಮುಚ್ಚಿದೆ. ಆದ್ರೂ ಹಾಗೇ ಅಂತಿದೆ."

ಬಲಗಡೆ ಕೆಳಮೂಲೆಯಲ್ಲಿ ತಾರೀಖು ನೋಡಿದೆ. 2010, ಜನವರಿ 1. ಕಂಪ್ಯೂಟರ್ ಆಫ್ ಆಗಿದ್ದಾಗಲೂ ಟೈಮು ನಡೆಸಲು ಒಳಗೆ ಮದರ್‌ಬೋರ್ಡಿನ ಮೇಲೆ ಒಂದು ಗುಂಡಿ ಸೆಲ್ ಇರುತ್ತದೆ. ಅದು ಸತ್ತರೆ ಕರೆಂಟ್ ಹೋದಾಗಲೆಲ್ಲ ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಓಡಿಹೋಗುತ್ತದೆ. ಸೈಟುಗಳಿಗೆ ಗುರುತಿನ ಪತ್ರ ಅಂತ ಒಂದಿದೆ, ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿಯೂ ಇದೆ. 2010ರಲ್ಲಿ ಕೂತ ಕಂಪ್ಯೂಟರಿಗೆ ಆ ಪತ್ರ ಇನ್ನೂ ಹುಟ್ಟೇ ಇಲ್ಲ. ಅದಕ್ಕೇ ಗುಮಾನಿ. ಸೆಲ್ಲಿನ ಮೇಲೆ 2032 ಅಂತ ಬರೆದಿರುತ್ತದೆ. ಅದು ಎಕ್ಸ್‌ಪೈರಿ ವರ್ಷ ಅಲ್ಲ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಅಂತ ಅರ್ಥ. ವಾಚ್ ಅಂಗಡಿಯಲ್ಲೇ ಸಿಕ್ಕಿತು. ಹಾಕಿ, ತಾರೀಖು ಸರಿ ಮಾಡುವಾಗ ಅತ್ತೆ ನಿಟ್ಟುಸಿರು ಬಿಟ್ಟರು. "ಹತ್ತರಲ್ಲೇ ಬಿಡಬಹುದಿತ್ತು. ಆಗ ಚಿನ್ನ ಎಷ್ಟು ಕಡಿಮೆ ಇತ್ತು."

ಎಲ್ಲ ಸಲವೂ ನಾನು ಗೆದ್ದುಬಂದೆ ಅಂದುಕೊಳ್ಳಬೇಡಿ. ಭಾವಮೈದ ಮನೆ ಕಟ್ಟಿಸಿದ. ಗೃಹಪ್ರವೇಶದ ಪತ್ರಿಕೆಯನ್ನು ಡಿಟಿಪಿ ಅಂಗಡಿಯಲ್ಲಿ ಹಳೇ ನುಡಿ ಫಾಂಟಿನಲ್ಲಿ ಮಾಡಿಸಿ, ವರ್ಡ್ ಫೈಲನ್ನೇ ವಾಟ್ಸಾಪ್ ಗುಂಪಿಗೆ ಹಾಕಿದ. ಹತ್ತು ನಿಮಿಷದಲ್ಲಿ ಗದ್ದಲ. "ಇಂಗ್ಲಿಷಿನಲ್ಲಿ ಯಾಕೆ ಹಾಕ್ಸಿದ್ಯೋ?" ಅಂತ ದೊಡ್ಡತ್ತೆ. "ಇದು ಫ್ರೆಂಚು" ಅಂತ ಅಮೆರಿಕದಲ್ಲಿರುವ ಅವರ ಮಗ. "ವೈರಸ್ಸು, ಯಾರೂ ಮುಟ್ಟಬೇಡಿ" ಅಂತ ಇನ್ನೊಬ್ಬರು.

ವೈರಸ್ಸೂ ಅಲ್ಲ, ಫ್ರೆಂಚೂ ಅಲ್ಲ. ಆ ಕಾಲದ ಫಾಂಟುಗಳದ್ದು ನಾಟಕದ ವೇಷ. ಒಳಗಿರುವುದು ಇಂಗ್ಲಿಷ್ ಅಕ್ಷರ, ಮೇಲೆ ಕನ್ನಡದ ಬಣ್ಣ. ಫಾಂಟ್ ಇಲ್ಲದ ಕಡೆ ಬಣ್ಣ ಕಳಚಿ ಬೀಳುತ್ತದೆ. 'ಕನ್ನಡ' ಅಂತ ಬರೆದಿದ್ದರೆ ಕಾಣುವುದು ಪಿ, ತಲೆ ಮೇಲೆ ಗೀಟಿರುವ ಎ, ಪೌಂಡಿನ ಗುರುತು, ಇನ್ನೊಂದು ಗೀಟಿನ ಎ, ಜರ್ಮನ್ನರದೊಂದು ಎಸ್ಸು, ಕ್ಯೂ, ಕೊನೆಗೆ ಮತ್ತದೇ ಎ. ಹಾಗಂತ ಹಳಬರನ್ನು ಆಡಿಕೊಳ್ಳಬಾರದು. ಕೆ.ಪಿ. ರಾಯರ ಕೀಲಿಮಣೆ ವಿನ್ಯಾಸ, 1998ರಲ್ಲಿ ಬಂದ 'ಬರಹ' ಅನ್ನೋ ಸಾಫ್ಟ್‌ವೇರ್, ಕನ್ನಡ ಗಣಕ ಪರಿಷತ್ತಿನ ನುಡಿ ಇವೆಲ್ಲ ಇಲ್ಲದಿದ್ದರೆ ಆಗ ನಾವು ಕಂಪ್ಯೂಟರಿನಲ್ಲಿ ಕನ್ನಡ ಬರೆಯುತ್ತಲೇ ಇರಲಿಲ್ಲ. ಈಗಿನ ನುಡಿಯಲ್ಲಿ ಯೂನಿಕೋಡೂ ಇದೆ, ಅಂದರೆ ಒಂದೊಂದು ಅಕ್ಷರಕ್ಕೂ ಲೋಕಕ್ಕೆಲ್ಲ ಒಂದೇ ಗುರುತು. ಅದರಲ್ಲಿ ಬರೆದರೆ ಕ ಅಂದರೆ ಎಲ್ಲ ಕಡೆ ಕ.

ಡಿಟಿಪಿಯವರಿಂದ ಒಂದು ಪಿಡಿಎಫ್ ತರಿಸಿದ್ದರೆ ಎರಡು ನಿಮಿಷದ ಕೆಲಸ. ಪಿಡಿಎಫ್‌ನಲ್ಲಿ ಫಾಂಟನ್ನೂ ಒಳಗೇ ಸೇರಿಸಿ ಕಟ್ಟುವುದರಿಂದ ಯಾವ ಫೋನಿನಲ್ಲಾದರೂ ಅಕ್ಷರ ಸರಿಯಾಗಿ ಕಾಣುತ್ತದೆ. ಆದರೆ ನಾನು ಅಳಿಯಂದಿರು, ಕಂಪ್ಯೂಟರ್ ಗೊತ್ತು. ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಕ್ಕೆ ಇಡೀ ಪತ್ರಿಕೆ ಸುರಿದೆ. ಚೆನ್ನಾಗಿ ಬಂತು. ಮೇಲಿನ ನಾಲ್ಕು ಸಾಲು ಓದಿ ಖುಷಿಯಾಗಿ ಗುಂಪಿಗೆ ಹಾಕಿಬಿಟ್ಟೆ. ಪತ್ರಿಕೆಯ ಕೊನೆಯಲ್ಲಿ ವಿಳಾಸ ಇಂಗ್ಲಿಷಿನಲ್ಲಿತ್ತು. ಪರಿವರ್ತಕಕ್ಕೆ ಅದೇನು ಗೊತ್ತು? ಸಿಕ್ಕ ಇಂಗ್ಲಿಷ್ ಅಕ್ಷರವನ್ನೆಲ್ಲ ನುಡಿ ಅಂದುಕೊಂಡು ಕನ್ನಡ ಮಾಡಿತ್ತು. ಮೇನ್, ಕ್ರಾಸ್, ಬಡಾವಣೆ ಎಲ್ಲ ಸೇರಿ ಭೂತ ಬಿಡಿಸುವ ಮಂತ್ರದ ಥರ ಆಗಿತ್ತು. ಅರಸೀಕೆರೆಯ ಎರಡು ಸಂಸಾರ ಯಾರದೋ ಮನೆಯ ನಾಮಕರಣಕ್ಕೆ ಹೋಗಿ ಊಟ ಮುಗಿಸಿ, ಮುಯ್ಯಿಯನ್ನೂ ಅಲ್ಲೇ ಕೊಟ್ಟು ಬಂದಿದ್ದವು.

ಪ್ರಿಂಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಬಿಪಿ ಏರುತ್ತದೆ. ಒಂದು ಸಲ ಪ್ರಿಂಟ್ ಕೊಟ್ಟು ಬರಲಿಲ್ಲ ಅಂದರೆ ಮತ್ತೆ ಮತ್ತೆ ಕೊಡಬೇಡಿ. ಎಲ್ಲವೂ ಒಳಗೆ ಸಾಲಾಗಿ ನಿಂತಿರುತ್ತವೆ. ವಿಂಡೋಸಿನ ಸರ್ವೀಸಸ್ ಪಟ್ಟಿಯಲ್ಲಿ ಈ ಸಾಲನ್ನು ನೋಡಿಕೊಳ್ಳುವ ಪ್ರಿಂಟ್ ಸ್ಪೂಲರ್ ಅಂತ ಒಂದಿದೆ, ಅದನ್ನೊಂದು ಸಲ ರೀಸ್ಟಾರ್ಟ್ ಮಾಡಿ ನೋಡಿ. ನಮ್ಮ ಮನೆಯಲ್ಲಿ ಒಂದೇ ಪಹಣಿಯ ಹದಿಮೂರು ಪ್ರತಿ ಇವೆ. ಜಮೀನು ಇರುವುದು ಇಪ್ಪತ್ತು ಗುಂಟೆ.

ಒಂದು ವಿಷಯದಲ್ಲಿ ಮಾತ್ರ ನಾನು ತಮಾಷೆ ಮಾಡುವುದಿಲ್ಲ. ಸ್ಕ್ರೀನ್ ತುಂಬ ಕೆಂಪು, ಸೈರನ್ ಶಬ್ದ, "ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ" ಅಂತ ಬಂದರೆ ಫೋನ್ ಮಾಡಬೇಡಿ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದಿಲ್ಲ. ಆಲ್ಟ್ ಮತ್ತು ಎಫ್4 ಒತ್ತಿ ಮುಚ್ಚಿ. ಹೋಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆದು ಬ್ರೌಸರನ್ನು ಅಲ್ಲಿಂದ ಎಬ್ಬಿಸಿ ಕಳಿಸಿ. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹೋದ ಆಯುಧಪೂಜೆಗೆ ಬರೋಣ. ಬೈಕು ತೊಳೆದೆ, ಈಳಿಗೆಮಣೆ ತೊಳೆದೆ. ಕಂಪ್ಯೂಟರ್ ಆನ್ ಇತ್ತು, ಪಾಸ್‌ವರ್ಡ್ ಕೇಳುತ್ತಾ ಕೂತಿತ್ತು. ಕೀಬೋರ್ಡನ್ನು ಹಸಿಬಟ್ಟೆಯಲ್ಲಿ ಚೆನ್ನಾಗಿ ಒರೆಸಿದೆ. ಮಾನಿಟರಿಗೆ ವಿಭೂತಿ, ಕುಂಕುಮ, ಸೇವಂತಿಗೆ. ಮಂಗಳಾರತಿ ಆಯಿತು. ಶುಭಾಶಯ ಕಳಿಸೋಣ ಅಂತ ಕೂತರೆ ಪಾಸ್‌ವರ್ಡ್ ತಪ್ಪು ಅಂತಿದೆ. ಕ್ಯಾಪ್ಸ್ ಲಾಕ್ ನೋಡಿದೆ. ನಮ್ ಲಾಕ್ ನೋಡಿದೆ. ರೀಸ್ಟಾರ್ಟ್ ಮಾಡಿದೆ, ಶಟ್‌ಡೌನ್ ಅಲ್ಲ, ರೀಸ್ಟಾರ್ಟೇ. ಆಮೇಲೂ ಅದೇ ಹಾಡು. "ಬೂದುಗುಂಬಳಕಾಯಿ ಒಡೀಲಿಲ್ಲ, ಅದಕ್ಕೇ" ಅಂದಳು ಹೆಂಡತಿ. ಅರ್ಧ ಗಂಟೆಯಾದ ಮೇಲೆ ಅವಳೇ ಪಕ್ಕದ ಮನೆಯ ಪಿಯುಸಿ ಹುಡುಗಿಯನ್ನು ಕರೆದಳು.

ಹುಡುಗಿ ಕುರ್ಚಿಯಲ್ಲಿ ಕೂರಲೂ ಇಲ್ಲ. ನಿಂತಲ್ಲೇ ಸ್ಕ್ರೀನಿನ ಬಲಮೂಲೆ ನೋಡಿದಳು. ಎಡಗೈಯಲ್ಲಿ ಎರಡು ಗುಂಡಿ ಒತ್ತಿದಳು. "ಈಗ ಹಾಕಿ ಅಂಕಲ್." ಹಾಕಿದೆ, ತೆರೆಯಿತು.

"ಭಾಷೆ ಕನ್ನಡಕ್ಕೆ ಹೋಗಿತ್ತು ಅಂಕಲ್. ಎಡಗಡೆ ಆಲ್ಟು, ಶಿಫ್ಟು ಒಟ್ಟಿಗೆ ಒತ್ತಿದ್ರೆ ಬದಲಾಗುತ್ತೆ. ಪಾಸ್‌ವರ್ಡ್ ಎಲ್ಲ ಕನ್ನಡದಲ್ಲಿ ಬೀಳ್ತಿತ್ತು. ಬರೀ ಚುಕ್ಕಿ ಕಾಣುತ್ತಲ್ಲ, ಗೊತ್ತಾಗಲ್ಲ. ಏನು ಒತ್ತಿದ್ರಿ?"

"ನಾನೇನೂ ಒತ್ತಿಲ್ಲಮ್ಮ. ಒರೆಸಿದೆ, ಅಷ್ಟೇ."

ಆ ಹುಡುಗಿ ನನ್ನನ್ನು ನೋಡಿದ ರೀತಿ ನನಗೆ ಹೊಸದಲ್ಲ. ಹದಿನೈದು ವರ್ಷದಿಂದ ನಾನು ಚಿಕ್ಕಪ್ಪನನ್ನು ನೋಡುತ್ತಿದ್ದದ್ದು ಹಾಗೇ. ಹೆಂಡತಿ ಅವಳ ಕೈಗೆ ಕಡ್ಲೆಪುರಿ, ಬಾಳೆಹಣ್ಣು ಕೊಟ್ಟು, ಅವಳ ಫೋನ್ ನಂಬರನ್ನು ಕ್ಯಾಲೆಂಡರಿನ ಮೇಲೆ ದಪ್ಪಗೆ ಬರೆದಿಟ್ಟಳು.

ಮೊನ್ನೆ ಬೆಳಗ್ಗೆ ಆರೂವರೆಗೆ ಫೋನ್ ಬಂತು. ನಾನು ಸ್ನಾನಕ್ಕೆ ಹೋಗಿದ್ದೆ. ಬಚ್ಚಲುಮನೆಯವರೆಗೂ ಹೆಂಡತಿಯ ದನಿ ಕೇಳಿಸಿತು. "ಇಲ್ಲ ಚಿಕ್ಕಮಾವ, ಅವರಿಗೆ ಅಷ್ಟೆಲ್ಲ ಗೊತ್ತಾಗಲ್ಲ. ಒಂದು ನಂಬರ್ ಕೊಡ್ತೀನಿ, ಬರ್ಕೊಳಿ."