ಟೆಂಟಿನ ಅರ್ಧ ಕಥೆ

1971ರ ಡಿಸೆಂಬರ್. ನನಗೆ ಗೊತ್ತು ಮಾಡಿದ್ದ ಹುಡುಗ ಗಡಿಯಲ್ಲಿ, ನಾನು ಟೂರಿಂಗ್ ಟಾಕೀಸಿನ ಮರಳಲ್ಲಿ. ನೋಡಿದ ಸಿನಿಮಾ ಕಥೆಯನ್ನೆಲ್ಲ 56 ಎ.ಪಿ.ಒ. ಅನ್ನೋ ಸೇನಾ ಅಂಚೆ ವಿಳಾಸಕ್ಕೆ ಬರೆಯಬೇಕು ಅಂತ ಅವರ ಅಪ್ಪಣೆ.

ಬರೆಯೋದು ಹೇಗೆ? ಮೊದಲು ಸರ್ಕಾರದ ಫಿಲಂಸ್ ಡಿವಿಷನ್ ವಾರ್ತಾಚಿತ್ರ. ಅಲ್ಲಿ ಯುದ್ಧ ನಡೆಯುತ್ತಿದ್ದರೆ ಇಲ್ಲಿ ಮಂತ್ರಿಗಳು ಯಾವುದೋ ಹಳೇ ಸಮಾರಂಭದಲ್ಲಿ ಹಾರ ಹಾಕಿಸಿಕೊಳ್ಳುತ್ತಿದ್ದರು! ಸೈನಿಕರು ಕಂಡಾರೇನೋ ಅಂತ ಕತ್ತು ಉದ್ದ ಮಾಡಿದ್ದೇ ಬಂತು. ಒಂದೇ ಪ್ರೊಜೆಕ್ಟರ್, ರೀಲಿಗೊಂದು ಇಂಟರ್‌ವಲ್. ಬೀಡಿ ಹೊಗೆ ಬೇರೆ. ಕ್ಲೈಮ್ಯಾಕ್ಸಿಗೆ ಸರಿಯಾಗಿ ಫಿಲಂ ಪಟ್ ಅಂತ ಕಿತ್ತುಹೋಯಿತು. ಅಂಟಿಸಿ ಮತ್ತೆ ಬಿಟ್ಟಾಗ ಜೋಡಿ ಆಗಲೇ ಹಸೆಮಣೆ ಮೇಲೆ.

ಹಾಗೇ ಬರೆದು ಹಾಕಿದೆ. ಎಷ್ಟೋ ದಿನಕ್ಕೆ ಇನ್‌ಲ್ಯಾಂಡ್ ಲೆಟರ್ ಬಂತು. ಕ್ಷೇಮ ಸಮಾಚಾರ ಒಂದೇ ಸಾಲು. ಉಳಿದಿದ್ದೆಲ್ಲ ಜಗಳ: "ಜೈಲಲ್ಲಿದ್ದ ಹೀರೊ ಹಸೆಮಣೆಗೆ ಹೇಗೆ ಬಂದ? ಸರಿಯಾಗಿ ನೋಡಬಾರದಾ?"