ಕಿತಾರೋ ಬದಲಾಗಲೇಬೇಕಿತ್ತು

ಕಿತಾರೋ ಎಂಬ ವಿಚಿತ್ರ ಹುಡುಗನ ಕಥೆ ಹೇಳುವ ‘ಗೆಗೆಗೆ ನೋ ಕಿತಾರೋ’ದ ಆರನೆಯ ಟಿವಿ ಸರಣಿಯ ಬಗ್ಗೆ ಅನಿಮೆಯ, ಅಂದರೆ ಜಪಾನಿ ಆನಿಮೇಷನ್‌ನ, ಅಭಿಮಾನಿಗಳು ಮಾತಿಗೆ ಕುಳಿತರೆ, ಮಾತು ಎಲ್ಲಿಂದ ಹೊರಟರೂ ಸ್ವಲ್ಪ ಹೊತ್ತಿನಲ್ಲೇ ನೆಕೊಮುಸುಮೆಯ ಎತ್ತರದ ಬಳಿಗೆ ಬಂದು ನಿಲ್ಲುತ್ತದೆ. ಹಿಂದಿನ ಸರಣಿಗಳಲ್ಲಿ ದುಂಡುಮುಖದ ಪುಟ್ಟ ಹುಡುಗಿಯಾಗಿದ್ದ ಈ ಬೆಕ್ಕುಹುಡುಗಿಯನ್ನು 2018ರ ಸರಣಿಯವರು ನೀಳ ಕಾಲುಗಳ, ಕಿತಾರೋನಿಗಿಂತ ಬಹಳ ಎತ್ತರದ ತರುಣಿಯಾಗಿ ಚಿತ್ರಿಸಿದರು. ಇದು ಕಿತಾರೋನ ಚಿತ್ರಕಥೆಗಳನ್ನು ಬರೆದ ಮಿಜುಕಿ ಶಿಗೆರು ಅವರ ಸೃಷ್ಟಿಗೆ ಬಗೆದ ದ್ರೋಹ ಎಂದು ಒಂದು ಗುಂಪು ಇಂದಿಗೂ ವಾದಿಸುತ್ತದೆ. ಕಾಲ ಬದಲಾದಂತೆ ಪಾತ್ರವೂ ಬದಲಾಗಬೇಕು ಎಂದಷ್ಟೇ ಹೇಳಿ ಇನ್ನೊಂದು ಗುಂಪು ಸುಮ್ಮನಾಗುತ್ತದೆ. ನಾನು ಎರಡನೆಯ ಗುಂಪಿಗೆ ಸೇರಿದವನೇ ಆದರೂ ಅವರ ಸಮರ್ಥನೆ ನನಗೆ ಸಾಲದು. ಆ ಸರಣಿಯ 97 ಕಂತುಗಳನ್ನು ಎರಡು ಬಾರಿ ಪೂರ್ತಿಯಾಗಿ ನೋಡಿದ ಮೇಲೆ ನನಗೆ ತೋರಿದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೂಲ ಕಿತಾರೋ ಬೇಕು ಎನ್ನುವವರು ಯಾವುದನ್ನು ಮೂಲವೆಂದು ಕರೆಯುತ್ತಾರೆ ಎಂಬುದೇ ಮೊದಲ ಪ್ರಶ್ನೆ. 1930ರ ದಶಕದಲ್ಲಿ ಜಪಾನಿನ ಬೀದಿಗಳಲ್ಲಿ ಕಾಮಿಶಿಬಾಯ್ ಎಂಬ ಕಥಾಪ್ರದರ್ಶನ ಬಹಳ ಜನಪ್ರಿಯವಾಗಿತ್ತು. ಸೈಕಲ್ಲಿನ ಮೇಲೆ ಮರದ ಚೌಕಟ್ಟನ್ನಿಟ್ಟುಕೊಂಡು ಬರುವ ಕಥೆಗಾರ ಮಕ್ಕಳಿಗೆ ಮಿಠಾಯಿ ಮಾರಿ, ಚೌಕಟ್ಟಿನೊಳಗಿನ ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತ ಕಥೆ ಹೇಳುತ್ತಿದ್ದ. ಹಾಗೆ ಹೇಳುತ್ತಿದ್ದ ಕಥೆಗಳಲ್ಲಿ ಇತೊ ಮಸಾಮಿ ಅವರ ‘ಹಾಕಾಬಾ ಕಿತಾರೋ’, ಅಂದರೆ ಸ್ಮಶಾನದ ಕಿತಾರೋ, ಒಂದು. ಯುದ್ಧ ಮುಗಿದ ನಂತರ, 1950ರ ದಶಕದಲ್ಲಿ, ಹೊಟ್ಟೆಪಾಡಿಗಾಗಿ ಕಾಮಿಶಿಬಾಯ್ ಚಿತ್ರ ಬರೆಯುತ್ತಿದ್ದ ಮಿಜುಕಿಯವರು ಆ ಹೆಸರನ್ನು ಎತ್ತಿಕೊಂಡು ತಮ್ಮದೇ ಕಥೆ ಕಟ್ಟಿದರು. 1960ರಲ್ಲಿ ಬಾಡಿಗೆ ಪುಸ್ತಕದಂಗಡಿಗಳಿಗಾಗಿ ಅವರು ಬರೆದ ಚಿತ್ರಕಥೆಯ ಕಿತಾರೋ ಸತ್ತ ತಾಯಿಯ ಗೋರಿಯಿಂದ ತೆವಳಿಕೊಂಡು ಹೊರಬಂದವನು, ಸಿಗರೇಟು ಸೇದುವವನು, ನ್ಯಾಯ ಅನ್ಯಾಯಗಳ ಗೊಡವೆಯನ್ನು ಹೆಚ್ಚು ಹಚ್ಚಿಕೊಳ್ಳದವನು. 1965ರಲ್ಲಿ ಹುಡುಗರ ಚಿತ್ರಕಥೆಗಳ ವಾರಪತ್ರಿಕೆ ‘ವೀಕ್ಲಿ ಶೋನೆನ್ ಮ್ಯಾಗಜೀನ್’ಗೆ ಬಂದ ಮೇಲೆ ಅವನು ಕ್ರಮೇಣ ಮಕ್ಕಳ ರಕ್ಷಕನಾದ. ಟಿವಿಗೆ ಸ್ಮಶಾನದ ಹೆಸರು ಒಗ್ಗುವುದಿಲ್ಲವೆಂದು 1967ರಲ್ಲಿ ಶೀರ್ಷಿಕೆಯನ್ನೂ ಬದಲಾಯಿಸಲಾಯಿತು. ತೋಯೆಯ್ ಎಂಬ ಆನಿಮೇಷನ್ ಸಂಸ್ಥೆಯ ಮೊದಲ ಸರಣಿ ಕಪ್ಪುಬಿಳುಪಿನಲ್ಲಿ ಆರಂಭವಾದದ್ದು 1968ರ ಜನವರಿ 3ರಂದು. ಆಮೇಲೆ 1971, 1985, 1996, 2007, 2018 ಹೀಗೆ ಹೆಚ್ಚುಕಡಿಮೆ ಹತ್ತು ವರ್ಷಕ್ಕೊಮ್ಮೆ ಅವನು ಮರಳಿ ಬಂದಿದ್ದಾನೆ, ಪ್ರತಿ ಸಲವೂ ಬೇರೆಯೇ ಆಗಿ ಬಂದಿದ್ದಾನೆ. ಇಂದು ‘ನನ್ನ ಬಾಲ್ಯದ ಕಿತಾರೋ’ ಎಂದು ಹಂಬಲಿಸುವ ಪ್ರತಿಯೊಬ್ಬನೂ ಹೊಸದಾಗಿ ಬದಲಾಗಿದ್ದ ಯಾವುದೋ ಒಬ್ಬ ಕಿತಾರೋನನ್ನು ನೋಡಿಯೇ ಬೆಳೆದವನು.

ಕಿತಾರೋನ ಸಂಗಾತಿಗಳಾದ, ಜಪಾನಿ ಜಾನಪದದ ವಿಚಿತ್ರ ಜೀವಿಗಳಾದ ಯೋಕಾಯ್‌ಗಳ ಚರಿತ್ರೆಯನ್ನು ನೋಡಿದರೆ ಈ ಮಾತು ಇನ್ನೂ ಗಟ್ಟಿಯಾಗುತ್ತದೆ. ಮರಳೆರಚುವ ಅಜ್ಜಿ ಸುನಾಕಾಕೆ ಬಾಬಾ, ಮಗುವಿನಂತೆ ಅಳುವ ಮುದುಕ ಕೊನಾಕಿ ಜೀಜೀ, ಹಾರುವ ಬಟ್ಟೆ ಇತ್ತಾನ್ ಮೋಮೆನ್, ಗೋಡೆಯ ರೂಪದ ನುರಿಕಾಬೆ ಇವರೆಲ್ಲ ಬೇರೆ ಬೇರೆ ಪ್ರಾಂತಗಳ ಹಳ್ಳಿಯ ಮಾತುಗಳಿಂದ ಎದ್ದು ಬಂದವರು. ಜಪಾನಿನ ಜಾನಪದ ಅಧ್ಯಯನಕ್ಕೆ ಬುನಾದಿ ಹಾಕಿದ ಯನಾಗಿತಾ ಕುನಿಯೊ ಇವರನ್ನು ತಮ್ಮ ಯೋಕಾಯ್ ಪಟ್ಟಿಯಲ್ಲಿ ದಾಖಲಿಸಿದರು. ಆದರೆ ಒಂದೊಂದಕ್ಕೆ ಸಿಕ್ಕಿದ್ದು ಕೆಲವೇ ಸಾಲು. ಇರುಳಿನಲ್ಲಿ ನಡೆಯುತ್ತಿರುವಾಗ ಮುಂದಿನ ದಾರಿ ತಟ್ಟನೆ ಗೋಡೆಯಾಗಿಬಿಡುತ್ತದೆ, ಕೋಲಿನಿಂದ ಅದರ ಕೆಳಭಾಗವನ್ನು ಬಡಿದರೆ ಮಾಯವಾಗುತ್ತದೆ, ಮೇಲ್ಭಾಗವನ್ನು ಬಡಿದರೆ ಏನೂ ಆಗುವುದಿಲ್ಲ: ನುರಿಕಾಬೆಯ ಬಗ್ಗೆ ಕ್ಯೂಶೂ ದ್ವೀಪದ ಕಡಲತೀರದಿಂದ ದೊರೆತ ವಿವರ ಇಷ್ಟೇ. ಅದಕ್ಕೆ ಕಣ್ಣಿತ್ತೇ, ಕೈಕಾಲಿತ್ತೇ ಎಂದು ಆ ಪಟ್ಟಿ ಹೇಳುವುದಿಲ್ಲ. ಬೂದುಬಣ್ಣದ ಚೌಕಾಕಾರದ ಮೈ, ಅರೆನಿದ್ದೆಯ ಎರಡು ಕಣ್ಣು, ಮೊಂಡು ಕೈಕಾಲು ಇವನ್ನೆಲ್ಲ ಕೊಟ್ಟವರು ಮಿಜುಕಿ. ಇಂದು ಜಪಾನಿನ ಮಗುವೊಂದು ನುರಿಕಾಬೆಯ ಚಿತ್ರ ಬರೆಯುವುದಾದರೆ ಬರೆಯುವುದು ಮಿಜುಕಿಯವರ ನುರಿಕಾಬೆಯನ್ನೇ. ಕೇಳಿದ ಮಾತಿಗೆ ತನ್ನ ಕಾಲದ ಕಣ್ಣಿಗೆ ಕಾಣುವಂತೆ ರೂಪ ಕೊಡುವುದೇ ಅವರು ಜೀವನಪೂರ್ತಿ ಮಾಡಿದ ಕೆಲಸವಾಗಿದ್ದಾಗ, ಅವರು ಕೊಟ್ಟ ರೂಪವನ್ನು ಯಾರೂ ಮುಟ್ಟಕೂಡದು ಎಂದು ಅವರ ಹೆಸರಿನಲ್ಲೇ ಕಟ್ಟಳೆ ಹೊರಡಿಸುವುದು ನನಗೆ ಒಪ್ಪಿಗೆಯಾಗದ ಮಾತು.

ಇಲ್ಲಿ ನಮ್ಮವರಿಗೆ ಸಂಬಂಧಿಸಿದ ಒಂದು ವಿಷಯವನ್ನು ಹೇಳಿಬಿಡುತ್ತೇನೆ. ಯೋಕಾಯ್ ಎಂಬ ಪದವನ್ನು ಕನ್ನಡದಲ್ಲಿ ಹೇಗೆ ಹೇಳಬೇಕು ಎಂಬ ಚರ್ಚೆ ಬಂದಾಗಲೆಲ್ಲ ಯಾರಾದರೊಬ್ಬರು ‘ದೆವ್ವ’ ಎನ್ನುತ್ತಾರೆ, ಮತ್ತೊಬ್ಬರು ‘ಭೂತ’ ಎಂದು ತಿದ್ದಿ, ಪಂಜುರ್ಲಿಯೂ ಒಂದು ಯೋಕಾಯ್ ಎಂಬಲ್ಲಿಗೆ ಮಾತನ್ನು ಒಯ್ಯುತ್ತಾರೆ. ದೆವ್ವ ಎಂದರೆ ನಮಗೆ ಸತ್ತವರ ನೆನಪಾಗುತ್ತದೆ. ಯೋಕಾಯ್‌ಗಳಲ್ಲಿ ಬಹುಪಾಲು ಎಂದೂ ಮನುಷ್ಯರಾಗಿರಲಿಲ್ಲ. ತುಳುನಾಡಿನ ಭೂತವಾದರೋ ಕೋಲ, ನೇಮ ಪಡೆಯುವ, ಊರಿನ ನ್ಯಾಯ ತೀರ್ಮಾನಿಸುವ ದೈವ. ಪೂಜೆ ತಪ್ಪಿಹೋದ ದೇವರುಗಳೇ ಕಾಲಕ್ರಮದಲ್ಲಿ ಯೋಕಾಯ್‌ಗಳಾದರು ಎಂದು ಯನಾಗಿತಾ ಭಾವಿಸಿದ್ದರು. ಆ ಮಾತನ್ನು ಒಪ್ಪುವುದಾದರೆ, ಇಂದಿಗೂ ಭಕ್ತಿಯಿಂದ ಪೂಜೆ ನಡೆಯುತ್ತಿರುವ ದೈವವನ್ನು ಯೋಕಾಯ್ ಎನ್ನುವುದು ಎರಡು ನಾಡಿನ ನಂಬಿಕೆಗೂ ಅನ್ಯಾಯ. ಯೋಕಾಯ್ ಎಂಬ ಪದವನ್ನೇ ಹಾಗೆಯೇ ಉಳಿಸಿಕೊಳ್ಳುವುದು ಲೇಸೆಂದು ನಾನು ತಿಳಿದಿದ್ದೇನೆ.

ಮತ್ತೆ ಸರಣಿಗೆ ಬರುತ್ತೇನೆ. ನಿರ್ದೇಶಕ ಒಗಾವಾ ಕೋಜಿ ಮತ್ತು ಅವರ ತಂಡದವರು ಹೊರರೂಪದಲ್ಲಿ ಏನೇನನ್ನು ಬದಲಾಯಿಸಿದರೋ ಅದಕ್ಕಿಂತ ಹೆಚ್ಚು ಶ್ರದ್ಧೆಯಿಂದ ಒಳಗಿನದನ್ನು ಕಾಪಾಡಿದ್ದಾರೆ. ಮೊದಲ ಕಂತಿನಲ್ಲೇ ವಿಡಿಯೊ ಮಾಡಿ ಹೆಸರು ಗಳಿಸಲು ಹೊರಟ ಒಬ್ಬ ಯುವಕ ಟೋಕಿಯೊದ ಶಿಬುಯಾ ವೃತ್ತದ ನಟ್ಟನಡುವೆ ಮರವಾಗಿಬಿಡುತ್ತಾನೆ. ಸುತ್ತಲಿನ ಜನ ಓಡಿಹೋಗುವ ಬದಲು ಫೋನು ಎತ್ತಿ ಚಿತ್ರ ತೆಗೆಯುತ್ತಾರೆ. ಯೋಕಾಯ್ ಇದೆಯೆಂದು ಯಾರೂ ನಂಬದ ಆ ಊರಿನಲ್ಲಿ ಕಿತಾರೋನಿಗೆ ಪತ್ರ ಬರೆಯುವವಳು ಇನುಯಾಮಾ ಮಾನಾ ಎಂಬ ಶಾಲಾಬಾಲಕಿ. ಮನುಷ್ಯರ ಸಹವಾಸವೇ ಬೇಡ ಎಂಬಂತೆ ದೂರ ನಿಲ್ಲುವ, ಮಾತು ಕಡಿಮೆಯಾದ ಈ ಕಿತಾರೋ 1985ರ ಸರಣಿಯ ಹುರುಪಿನ ವೀರನಿಗಿಂತ ಮಿಜುಕಿಯವರ ಹಳೆಯ ಪುಟಗಳ ಹುಡುಗನಿಗೆ ಹೆಚ್ಚು ಹತ್ತಿರದವನು. ಎತ್ತರದ ಲೆಕ್ಕ ಹಾಕುವವರು ಇದನ್ನು ಗಮನಿಸದೆ ಹೋದದ್ದು ನನಗೆ ನಿಜಕ್ಕೂ ಬೇಸರ ತಂದಿದೆ.

2018ರ ಆಗಸ್ಟ್‌ನಲ್ಲಿ ಪ್ರಸಾರವಾದ 20ನೆಯ ಕಂತಿನ ಬಗ್ಗೆ ಮಾತ್ರ ನಾನು ನಿಧಾನವಾಗಿ ಹೇಳಬೇಕು. ಮಾನಾಳ ಬಂಧುವಾದ ಒಬ್ಬ ವೃದ್ಧೆಯ ಮನೆಯಲ್ಲಿ ಪ್ರತಿ ಬೇಸಿಗೆಗೂ ಎಲ್ಲಿಂದಲೋ ಹೂವುಗಳು ಬಂದು ಅರಳುತ್ತವೆ. ಹೂವಿನ ಮೂಲವನ್ನು ಹುಡುಕುತ್ತ ಹೋದಾಗ ದಾರಿ ದಕ್ಷಿಣದ ಒಂದು ದ್ವೀಪಕ್ಕೆ, ಯುದ್ಧದಲ್ಲಿ ಸತ್ತು ಅಲ್ಲೇ ಮಣ್ಣಾದ ಜಪಾನಿ ಸೈನಿಕರ ಅಸ್ಥಿಗಳ ಬಳಿಗೆ ತಲುಪುತ್ತದೆ. ಆ ಕಂತಿನಲ್ಲಿ ಸೋಲಿಸಬೇಕಾದ ದುಷ್ಟ ಯೋಕಾಯ್ ಇಲ್ಲ. ಎಪ್ಪತ್ತಕ್ಕೂ ಹೆಚ್ಚು ವರ್ಷ ಹಿಂದಿನ ಪ್ರೀತಿಯೊಂದು ಹೂವಾಗಿ ಕಡಲು ದಾಟಿ ಬರುತ್ತಿತ್ತೆಂದು ತಿಳಿದಾಗ ಆ ವೃದ್ಧೆಯ ಮುಖದಲ್ಲಿ ಮೂಡುವ ಭಾವವನ್ನು ಎರಡನೆಯ ಸಲ ನೋಡುವಾಗಲೂ ನನಗೆ ಕಣ್ಣು ತುಂಬಿ ಬಂತು.

ಇದು ಮಿಜುಕಿಯವರ ಸ್ವಂತ ಬದುಕಿನಿಂದ ಹುಟ್ಟಿದ ಕಥೆ. 1922ರಲ್ಲಿ ಹುಟ್ಟಿ ತೊತ್ತೊರಿ ಪ್ರಾಂತದ ಸಕಾಯ್‌ಮಿನಾತೊ ಎಂಬ ಬಂದರು ಪಟ್ಟಣದಲ್ಲಿ ಬೆಳೆದ ಅವರು, ‘ನೊನ್ನೊನ್ಬಾ’ ಎಂದು ಕರೆಯುತ್ತಿದ್ದ ಒಬ್ಬ ಮುದುಕಿಯ ಬಾಯಲ್ಲಿ ಯೋಕಾಯ್ ಕಥೆಗಳನ್ನು ಕೇಳಿದವರು. ಇಪ್ಪತ್ತರ ಹರೆಯದಲ್ಲಿ ಸೇನೆಗೆ ಸೇರಿಸಲ್ಪಟ್ಟು ಪೆಸಿಫಿಕ್ ಸಾಗರದ ನ್ಯೂ ಬ್ರಿಟನ್ ದ್ವೀಪದ ರಬೌಲ್‌ಗೆ ಹೋದರು. ತಮ್ಮ ತುಕಡಿಯವರೆಲ್ಲ ಸತ್ತಾಗ ಒಬ್ಬರೇ ಕಾಡಿನಲ್ಲಿ ಅಲೆದು ಬದುಕಿ ಬಂದರು. ಮಲೇರಿಯಾದಿಂದ ಮಲಗಿದ್ದಾಗ ನಡೆದ ವಿಮಾನ ದಾಳಿಯಲ್ಲಿ ಎಡಗೈಯನ್ನು ಕಳೆದುಕೊಂಡರು. ಆ ಕಾಡಿನ ಕತ್ತಲಲ್ಲಿ ಮುಂದೆ ಹೋಗಲಾಗದಂತೆ ತಮ್ಮನ್ನು ಏನೋ ತಡೆದು ನಿಲ್ಲಿಸಿತ್ತು, ಅದು ನುರಿಕಾಬೆಯೇ ಇರಬೇಕು ಎಂದು ಅವರು ಮುಂದೆ ಹೇಳಿಕೊಂಡಿದ್ದರು. ಹಳ್ಳಿಯ ಅಜ್ಜಿ ಹೇಳಿದ ಕಥೆಯೂ ಯುದ್ಧಭೂಮಿಯ ಸಾವೂ ಅವರಲ್ಲಿ ಬೇರೆ ಬೇರೆಯಾಗಿ ಉಳಿಯಲಿಲ್ಲ. ಆದ್ದರಿಂದ ನೆಕೊಮುಸುಮೆ ಕುಳ್ಳಗೇ ಇದ್ದು, ಬಣ್ಣಗಳೆಲ್ಲ ಹಳೆಯವೇ ಆಗಿ, ಯುದ್ಧದ ನೆನಪು ಮಾತ್ರ ಅಳಿಸಿಹೋಗಿದ್ದಿದ್ದರೆ ಆ ಸರಣಿಯನ್ನು ದ್ರೋಹವೆಂದು ಕರೆಯಲು ನಾನೂ ಸಿದ್ಧನಿದ್ದೆ.

2023ರ ನವೆಂಬರ್‌ನಲ್ಲಿ ತೆರೆಕಂಡ, ಕಿತಾರೋನ ಹುಟ್ಟಿನ ಹಿನ್ನೆಲೆಯನ್ನು ಹೇಳುವ ಚಲನಚಿತ್ರ ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಗಿದೆ. ಕೋಗಾ ಗೋ ನಿರ್ದೇಶಿಸಿದ ಈ ಚಿತ್ರದ ಕಾಲ 1956. ಯುದ್ಧದಿಂದ ಬದುಕಿ ಬಂದ, ರಕ್ತನಿಧಿ ಕಂಪನಿಯೊಂದರ ನೌಕರನಾದ, ಲೇಖಕರದೇ ಹೆಸರಿನ ಮಿಜುಕಿ ಎಂಬ ಯುವಕ ನಾಗುರಾ ಎಂಬ ದೂರದ ಹಳ್ಳಿಗೆ ಹೋಗಿ, ಕಾಣೆಯಾದ ಹೆಂಡತಿಯನ್ನು ಹುಡುಕುತ್ತ ಬಂದ ಕಿತಾರೋನ ತಂದೆಯನ್ನು ಭೇಟಿಯಾಗುತ್ತಾನೆ. ಭಾನುವಾರ ಬೆಳಗಿನ ಮಕ್ಕಳ ಕಾರ್ಯಕ್ರಮದಿಂದ ಬಂದ ಪಾತ್ರಗಳನ್ನು ಇಷ್ಟು ಕಠೋರವಾದ ಕಥೆಗೆ ಒಯ್ಯುವುದು ಸರಿಯೇ ಎಂದು ಕೆಲವು ಅಭಿಮಾನಿಗಳು ಕೇಳಿದ್ದುಂಟು. ಬಾಡಿಗೆ ಪುಸ್ತಕಗಳ ಕಿತಾರೋ ಎಷ್ಟು ಕತ್ತಲೆಯಲ್ಲಿ ಹುಟ್ಟಿದನೆಂದು ತಿಳಿದವರಿಗೆ ಈ ಪ್ರಶ್ನೆ ಏಳುವುದಿಲ್ಲ. ಗೋರಿಯಲ್ಲಿ ಹುಟ್ಟಿದ ಮಗುವನ್ನು ಮನೆಗೆ ತಂದು ಸಾಕಿದ ರಕ್ತನಿಧಿಯ ನೌಕರ ಆ ಹಳೆಯ ಪುಸ್ತಕಗಳಲ್ಲೇ ಇದ್ದಾನೆ. ಅವನು ಏಕೆ ಹಾಗೆ ಮಾಡಿದನೆಂಬುದಕ್ಕೆ ಅರವತ್ತಕ್ಕೂ ಹೆಚ್ಚು ವರ್ಷಗಳ ನಂತರ ಈ ಚಿತ್ರ ಒಂದು ಕಾರಣವನ್ನು ಕೊಟ್ಟಿತು.

ಹಾಗೆಂದು ಆರನೆಯ ಸರಣಿಯನ್ನು ನಾನು ಕಣ್ಣು ಮುಚ್ಚಿ ಹೊಗಳಲಾರೆ. ಪಾಶ್ಚಾತ್ಯ ಯೋಕಾಯ್‌ಗಳೊಂದಿಗಿನ ಕಾದಾಟದ ಭಾಗ ಅಗತ್ಯಕ್ಕಿಂತ ಉದ್ದವಾಗಿದೆ; ಖಳ ಯೋಕಾಯ್ ನುರಾರಿಹ್ಯೋನ್‌ನ ಕೊನೆಯ ಭಾಗಕ್ಕೆ ಬೇಕಿದ್ದಷ್ಟು ಕಾಲಾವಕಾಶ ಸಿಕ್ಕಿಲ್ಲ. ನೆಕೊಮುಸುಮೆಯ ವಿಷಯದಲ್ಲೂ ನನ್ನದೊಂದು ಆಕ್ಷೇಪವಿದೆ, ಆದರೆ ಅದು ಅವಳ ಎತ್ತರಕ್ಕೆ ಸಂಬಂಧಿಸಿದ್ದಲ್ಲ. ಹಲವು ಕಂತುಗಳಲ್ಲಿ ಕಿತಾರೋನ ಮೇಲಿನ ಒಲವನ್ನು ಮುಚ್ಚಿಟ್ಟು ಮುಖ ಕೆಂಪಾಗಿಸಿಕೊಳ್ಳುವುದಷ್ಟೇ ಅವಳ ಪಾಲಿಗೆ ಉಳಿದಿದೆ. ಮಾನಾಳಿಗೆ ಅಕ್ಕನಾಗಿ ನಿಲ್ಲುವ ಕಂತುಗಳಲ್ಲಿ ಅವಳು ಎಷ್ಟು ಗಟ್ಟಿಯಾದ ಪಾತ್ರವೆಂದು ಕಂಡವರಿಗೆ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ.

ಹಳೆಯದು ಹೊಸದರಲ್ಲಿ ಹೇಗೆ ಉಳಿಯುತ್ತದೆ ಎಂದು ಕೇಳಿದವರಿಗೆ ನಾನು ಒಂದು ಧ್ವನಿಯನ್ನು ಕೇಳಿಸುತ್ತೇನೆ. ಕಿತಾರೋನ ತಂದೆ ಮೆದಾಮಾ ಓಯಾಜಿ, ದೇಹವೆಲ್ಲ ಕೊಳೆತುಹೋದ ಮೇಲೂ ಮಗನನ್ನು ಬಿಟ್ಟುಹೋಗಲಾರದೆ ಒಂದೇ ಒಂದು ಕಣ್ಣುಗುಡ್ಡೆಯಾಗಿ ಬದುಕುಳಿದವನು. ಮೊದಲ ಸರಣಿಯಿಂದ ಐದನೆಯದರವರೆಗೂ ಆ ಪಾತ್ರಕ್ಕೆ ಧ್ವನಿಯಾದ ತನೊನಾಕಾ ಇಸಾಮು 2010ರ ಜನವರಿಯಲ್ಲಿ ತೀರಿಕೊಂಡರು. ಅದಾದ ಮೇಲೆ, 2015ರ ನವೆಂಬರ್ 30ರಂದು, 93ನೆಯ ವಯಸ್ಸಿನಲ್ಲಿ ಮಿಜುಕಿಯವರೂ ತೀರಿಕೊಂಡರು. ಇಬ್ಬರೂ ಇಲ್ಲದ ಆರನೆಯ ಸರಣಿಯಲ್ಲಿ ಆ ತಂದೆಯ ಪಾತ್ರಕ್ಕೆ ಧ್ವನಿ ಕೊಟ್ಟವರು ನೊಜಾವಾ ಮಸಾಕೊ. 1968ರಲ್ಲಿ ಕಿತಾರೋನಾಗಿ, ಅದೇ ಪುಟ್ಟ ತಂದೆಯನ್ನು ತಲೆಗೂದಲಲ್ಲಿ ಕೂರಿಸಿಕೊಂಡು ‘ತಂದೆಯವರೇ’ ಎಂದು ಮೊದಲು ಕರೆದ ಧ್ವನಿ ಅವರದು. ಐವತ್ತು ವರ್ಷಗಳ ನಂತರ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಅವರು ಚಹಾ ಬಟ್ಟಲಿನ ಬಿಸಿನೀರಿನಲ್ಲಿ ಕುಳಿತು, ಸವಾಶಿರೊ ಮಿಯುಕಿ ಅವರ ಧ್ವನಿಯ ಹೊಸ ಹುಡುಗನಿಗೆ ‘ಓಯ್, ಕಿತಾರೋ’ ಎಂದು ಕೂಗುತ್ತಾರೆ.