ಓದಲು ಬಾರದವರಿಗೊಂದು ಬೋರ್ಡು

ಶಿರಸಿಯಿಂದ ಘಟ್ಟ ಇಳಿಯುವ ದಾರಿಯಲ್ಲಿ ಒಂದು ಊರು. ಅಲ್ಲೊಂದು ಅಂಗನವಾಡಿ, ಅದರ ಹಿಂದೆ ಕಟ್ಟೆ ಇಲ್ಲದ ಬಾವಿ. ಹೋದ ಮಳೆಗಾಲದಲ್ಲಿ ಅದಕ್ಕೊಂದು ಕರು ಬಿತ್ತು. ಊರವರು ಹಗ್ಗ ಹಾಕಿ ಎತ್ತಿದರು. ಕರು ಉಳಿಯಿತು, ಇಲಾಖೆ ಎಚ್ಚರವಾಯಿತು.

ಎಚ್ಚರವಾಗಿ ಏನು ಮಾಡಿತು? ಬೋರ್ಡು ಹಾಕಿತು. 'ಎಚ್ಚರಿಕೆ! ಆಳವಾದ ಬಾವಿ. ಮಕ್ಕಳು ಹತ್ತಿರ ಬರತಕ್ಕದ್ದಲ್ಲ. ಆದೇಶದ ಮೇರೆಗೆ.'

ಅಂಗನವಾಡಿ ಮಕ್ಕಳಿಗೆ ಮೂರು, ನಾಲ್ಕು ವರ್ಷ. 'ಅ' ತಿದ್ದುವುದಕ್ಕೇ ಆರು ತಿಂಗಳು ಬೇಕು. ಕರುವಂತೂ ಓದುವುದಿಲ್ಲ ಬಿಡಿ. ನೀರಲ್ಲಿ ಮುಳುಗಿ ಸಾಯುವ ಅಪಾಯ ಜಗತ್ತಿನಲ್ಲೆಲ್ಲ ಒಂದರಿಂದ ನಾಲ್ಕು ವರ್ಷದವರಿಗೇ ಜಾಸ್ತಿ. ಅಂದರೆ ಬೋರ್ಡು ಓದಬೇಕಾದವರಿಗೆ ಓದು ಬರುವುದಿಲ್ಲ, ಓದು ಬರುವವರು ಬಾವಿಗೆ ಬೀಳುವುದು ಕಡಿಮೆ.

ಬೋರ್ಡಿಗೆ ಚಿರೇಕಲ್ಲಿನ ಪೀಠ ಬೇರೆ. ಇಷ್ಟೇ ಕಲ್ಲನ್ನು ಬಾವಿ ಸುತ್ತ ಕೂರಿಸಿದ್ದರೆ ಕಟ್ಟೆಯೇ ಆಗುತ್ತಿತ್ತಲ್ಲ ಅಂದ ಗಾರೆ ಕೆಲಸದವನು. ಎಸ್ಟಿಮೇಟಿನಲ್ಲಿ ಅವನ ಮಾತಿಗೆ ಕಾಲಂ ಇರಲಿಲ್ಲ. ಈಗ ಮಕ್ಕಳಿಗೆ ಪೀಠ ಹತ್ತಿದರೆ ಒಳಗಿನ ಕಪ್ಪೆ ಚೆನ್ನಾಗಿ ಕಾಣುತ್ತದೆ.

ಉದ್ಘಾಟನೆ ಜುಲೈ 25ಕ್ಕೆ, ಮುಳುಗುವಿಕೆ ತಡೆ ದಿನದಂದೇ. ಅತಿಥಿಗಳು ಎರಡು ತಾಸು ತಡ. ಅಲ್ಲಿಯವರೆಗೆ ಮಕ್ಕಳನ್ನು ಕೂರಿಸಿದ್ದು ಬಾವಿಯ ಪಕ್ಕದಲ್ಲೇ, ಸಮತಟ್ಟು ಜಾಗ ಅದೊಂದೇ ಅಲ್ವಾ! ಭಾಷಣದಲ್ಲಿ ಅಂಕಿಗಳು ಬಂದವು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಹೇಳಿದ್ದು: ಅಪಘಾತದ ಗಾಯಗಳಿಂದ ದಿನಕ್ಕೆ 2,000ಕ್ಕೂ ಹೆಚ್ಚು ಮಕ್ಕಳು ಸಾಯುತ್ತಾರೆ, ಗೊತ್ತಿರುವ ಉಪಾಯಗಳನ್ನೇ ಎಲ್ಲ ಕಡೆ ಮಾಡಿದರೆ 1,000 ಮಕ್ಕಳಾದರೂ ಉಳಿಯುತ್ತಾರೆ. ಉಪಾಯವೂ ದೊಡ್ಡ ವಿದ್ಯೆ ಏನಲ್ಲ. ತಲೆಗೆ ಹೆಲ್ಮೆಟ್ಟು, ಮಗುವಿಗೆ ತಿರುಗಿಸಲಾಗದ ಔಷಧಿ ಮುಚ್ಚಳ, ನೀರಿನ ಸುತ್ತ ಬೇಲಿ. ಬೇಲಿಯ ಮಾತು ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಬಾವಿಯಲ್ಲಿ ಅದು ಮತ್ತೊಮ್ಮೆ ಕೇಳಿಸಿತು.

ಮರುವಾರ ಅಂಗನವಾಡಿಯ ಅಕ್ಕೋರು ಯಾರನ್ನೂ ಕೇಳಲಿಲ್ಲ. ಪಕ್ಕದ ತೋಟದಿಂದ ಅಡಕೆ ದಬ್ಬೆ ತರಿಸಿ, ಸುತ್ತ ಬೇಲಿ ಕಟ್ಟಿಸಿಬಿಟ್ಟರು. ಒಂದು ಮಧ್ಯಾಹ್ನದ ಕೆಲಸ. ಕೂಲಿಯವನಿಗೆ ಊಟ, ಚಾ, ಸಂಬಳ ಎಲ್ಲ ಅವರದೇ ಕೈಯಿಂದ.

ಹದಿನೈದು ದಿನಕ್ಕೆ ಇಲಾಖೆಯಿಂದ ಕಾಗದ ಬಂತು. 'ಸದರಿ ಬೇಲಿಯಿಂದ ಸುರಕ್ಷತಾ ಫಲಕ ಮರೆಯಾಗಿರುತ್ತದೆ. ಏಳು ದಿನದೊಳಗೆ ಬೇಲಿ ತೆರವುಗೊಳಿಸಿ ವರದಿ ಸಲ್ಲಿಸುವುದು.'

ಅಕ್ಕೋರು ಎರಡು ಸಲ ಓದಿದರು. ಆಮೇಲೆ ಕಾಗದವನ್ನು ನಾಲ್ಕಾಗಿ ಮಡಚಿ ಬೇಲಿಗೆ ಸಿಕ್ಕಿಸಿದರು. ಎರಡು ದಬ್ಬೆಗಳ ನಡುವೆ ಅಲ್ಲೊಂದು ಸಂದಿ ಉಳಿದಿತ್ತು.